ಲೈಪ್ಜಿಗ್‌ನ ರೆನ್‌ಫ್ಟ್: ಮೂರು ಸಲ ನಿಷೇಧ ಕಂಡ ಬೀಟ್ ತಂಡ

ಹಳೇ ಗ್ರಾಮಫೋನ್:

ಜರ್ಮನ್ ಬೀಟ್ ಸಂಗೀತ, ಅಂದರೆ ಅರವತ್ತರ ದಶಕದ ಬೀಟಲ್ಸ್ ಧಾಟಿಯ ಗಿಟಾರ್ ತಂಡಗಳ ಸಂಗೀತ, ಅಂದ ಕೂಡಲೇ ಎಲ್ಲರೂ ಹ್ಯಾಂಬರ್ಗ್ ಕಡೆ ನೋಡುತ್ತಾರೆ. ಬೀಟಲ್ಸ್ ಹುಡುಗರು ಪಳಗಿದ್ದು ಅಲ್ಲೇ. ಸ್ಟಾರ್ ಕ್ಲಬ್ ಇದ್ದದ್ದು ಅಲ್ಲೇ. ರ್‍ಯಾಟಲ್ಸ್ ತಂಡ ಹುಟ್ಟಿದ್ದೂ ಅಲ್ಲೇ. ಆದರೆ ನನಗೆ ಅವರೆಲ್ಲರಿಗಿಂತ ದೊಡ್ಡದಾಗಿ ಕಾಣುವುದು ಪೂರ್ವ ಜರ್ಮನಿಯ ಲೈಪ್ಜಿಗ್ ಊರಿನ ಒಂದು ತಂಡ. ಹೆಸರು ಕ್ಲೌಸ್ ರೆನ್‌ಫ್ಟ್ ಕಾಂಬೊ. ನಡುವೆ ಕೆಲವು ವರ್ಷ ಬಟ್ಲರ್ಸ್ ಅಂತಲೂ ಕರೆದುಕೊಂಡಿದ್ದರು.

ತಂಡ ಕಟ್ಟಿದವರು ಕ್ಲೌಸ್ ಯೆಂಚ್. ಹುಟ್ಟಿದ್ದು 1942ರಲ್ಲಿ, ಯೇನಾದಲ್ಲಿ. ರೆನ್‌ಫ್ಟ್ ಅನ್ನುವುದು ಅವರ ತಾಯಿಯ ತವರುಮನೆಯ ಹೆಸರು. ಅದನ್ನೇ ವೇದಿಕೆಗೆ ಇಟ್ಟುಕೊಂಡರು. 1958ರಲ್ಲಿ, ಇನ್ನೂ ಶಾಲೆಯ ವಯಸ್ಸಿನಲ್ಲೇ, ಮೊದಲ ತಂಡ ಕಟ್ಟಿದರು. ರಾಕ್ ಅಂಡ್ ರೋಲ್ ನುಡಿಸುತ್ತಾರೆ ಅಂತ 1962ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಕ್ಲೌಸ್ ಬಟ್ಲರ್ಸ್ ಅಂತ ಮತ್ತೆ ಶುರು ಮಾಡಿದರು. 1965ರಲ್ಲಿ ಅದೂ ನಿಂತಿತು. 1967ರಲ್ಲಿ ಹಳೇ ಹೆಸರಲ್ಲೇ ಮತ್ತೆ ಎದ್ದರು, ಎರಡು ಎಲ್‌ಪಿ ತಂದರು, ದೇಶದ ಯುವಕರ ಕಣ್ಮಣಿಯಾದರು. 1975ರ ಸೆಪ್ಟೆಂಬರ್ 22ಕ್ಕೆ ಎಲ್ಲವೂ ಮುಗಿಯಿತು.

ನನ್ನ ಮಾತು ಇಷ್ಟೇ. ಮೊದಲ ಎರಡು ಸಲ ಅವರನ್ನು ತಡೆದದ್ದು ಸದ್ದಿಗಾಗಿ. ಕೊನೆಯ ಸಲ ತಡೆದದ್ದು ಮಾತಿಗಾಗಿ. ಅವರು ಇಂಗ್ಲಿಷ್ ಹಾಡು ಬಿಟ್ಟು ತಮ್ಮ ಭಾಷೆಯಲ್ಲಿ, ತಮ್ಮೂರಿನ ಬದುಕಿನ ಬಗ್ಗೆ ಹಾಡಲು ತೊಡಗಿದ್ದೇ ಅವರ ಏಳಿಗೆಗೆ ಕಾರಣ. ಬೀಳಲೂ ಅದೇ ಕಾರಣ. ಇದರ ಬಗ್ಗೆ ತಿಳಿದವರು ದಯವಿಟ್ಟು ಬರೆಯಿರಿ.

ಆರು ತಂತಿ:

ಸರ್, ಒಳ್ಳೆಯ ವಿಷಯ ಎತ್ತಿದ್ದೀರಿ. ಆದರೆ ನಾನು ಬಟ್ಲರ್ಸ್ ಪಕ್ಷದವನು! ಬೀಟ್ ಅಂತ ಕರೆಯಬೇಕಾದ್ದು ಅವರನ್ನೇ. ಎಪ್ಪತ್ತರ ದಶಕದ ರೆನ್‌ಫ್ಟ್ ಬೇರೆಯೇ ಸಂಗೀತ. ಅಲ್ಲಿ ಕೀಬೋರ್ಡ್ ಇದೆ, ಕೊಳಲಿದೆ, ಜನಪದ ಧಾಟಿ ಇದೆ, ಬ್ಲೂಸ್ ಇದೆ.

ಅರವತ್ತರ ದಶಕದಲ್ಲಿ ಅಲ್ಲಿನ ಹುಡುಗರು ಎಷ್ಟು ಕಷ್ಟಪಟ್ಟು ಕಲಿತರು ಅನ್ನುವುದನ್ನು ಗಿಟಾರ್ ಹಿಡಿದವರೆಲ್ಲ ತಿಳಿದಿರಬೇಕು. ಹೊರದೇಶದ ರೆಕಾರ್ಡುಗಳು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ರಾತ್ರಿ ರೇಡಿಯೊ ಲಕ್ಸೆಂಬರ್ಗ್ ಹಾಕಿಕೊಂಡು ಕೂರುವುದು. ಸದ್ದು ಹೋಗುತ್ತಾ ಬರುತ್ತಾ ಇರುತ್ತದೆ. ಅದರಲ್ಲೇ ಸ್ವರ ಹಿಡಿಯಬೇಕು. ಇಂಗ್ಲಿಷ್ ಬಾರದವರು ಕಿವಿಗೆ ಬಿದ್ದ ಹಾಗೆ ಪದ ಬರೆದುಕೊಂಡು ಹಾಡುತ್ತಿದ್ದರು. ಮಾರ್ಕ್‌ನೊಯ್‌ಕಿರ್ಶೆನ್ ಊರಲ್ಲಿ ತಯಾರಾಗುತ್ತಿದ್ದ ಮುಜಿಮಾ ಗಿಟಾರ್ ಸಿಕ್ಕಿದವರು ಅದೃಷ್ಟವಂತರು. ಆಂಪ್ಲಿಫೈಯರ್ ಇಲ್ಲದವರು ಮನೆಯ ರೇಡಿಯೊಗೇ ಗಿಟಾರ್ ಸಿಕ್ಕಿಸುತ್ತಿದ್ದರು. ಹಾಗಿದ್ದೂ ಸಭಾಂಗಣ ತುಂಬಿಸುತ್ತಿದ್ದರು ಅಂದರೆ ಸುಮ್ನೆ ಅಲ್ಲ.

ತುಂಗಾ ತೀರ:

ಒಂದು ಪ್ರಶ್ನೆ. ಸರ್ಕಾರಕ್ಕೆ ಈ ಸಂಗೀತ ಕಂಡರೆ ಆಗುತ್ತಿರಲಿಲ್ಲ ಅಂದರೆ, ಬಟ್ಲರ್ಸ್ ಅಷ್ಟು ದೊಡ್ಡದಾಗಿ ಬೆಳೆದದ್ದು ಹೇಗೆ? 1962ರಲ್ಲಿ ಒಂದು ತಂಡ ಮುಚ್ಚಿಸಿ, ಆಮೇಲೆ ಅದೇ ಮನುಷ್ಯನಿಗೆ ಇನ್ನೊಂದು ತಂಡ ಕಟ್ಟಲು ಬಿಟ್ಟರಾ?

ದಾಖಲೆ ಪ್ರಿಯ:

ತುಂಗಾ ತೀರ ಅವರೇ, ಬಿಟ್ಟರು. ನಡುವೆ ಕೆಲವು ವರ್ಷ ಗಾಳಿ ಬದಲಾಗಿತ್ತು.

1961ರಲ್ಲಿ ಬರ್ಲಿನ್ ಗೋಡೆ ಎದ್ದ ಮೇಲೆ ಪೂರ್ವ ಜರ್ಮನಿಯನ್ನು ಆಳುತ್ತಿದ್ದ ಕಮ್ಯುನಿಸ್ಟ್ ಪಕ್ಷದವರಿಗೆ ಸ್ವಲ್ಪ ಧೈರ್ಯ ಬಂತು. ಜನ ಓಡಿಹೋಗುವ ದಾರಿ ಮುಚ್ಚಿದೆ, ಇನ್ನು ಯುವಕರನ್ನು ಒಲಿಸಿಕೊಳ್ಳೋಣ ಅಂದುಕೊಂಡರು. 1963ರ ಸೆಪ್ಟೆಂಬರ್‌ನಲ್ಲಿ ಯುವಜನರ ಬಗ್ಗೆ ಒಂದು ಹೇಳಿಕೆ ಹೊರಡಿಸಿದರು. ಯುವಕರನ್ನು ನಂಬಿ, ಅವರ ಕುಣಿತದ ತಾಳಕ್ಕೆಲ್ಲ ತಲೆ ಹಾಕಬೇಡಿ ಅನ್ನುವ ಧಾಟಿ ಅದರದ್ದು. 1964ರ ಮೇ ತಿಂಗಳಲ್ಲಿ ಬರ್ಲಿನ್‌ನಲ್ಲಿ ದೊಡ್ಡ ಯುವಜನ ಮೇಳ ನಡೆಯಿತು. ಆ ಮೇಳಕ್ಕೆ ಅಂತ ಶುರುವಾದ ರೇಡಿಯೊ ಕಾರ್ಯಕ್ರಮ ಡಿಟಿ 64. ಕೇಳುಗರು ಎಷ್ಟು ಇಷ್ಟಪಟ್ಟರು ಅಂದರೆ ಮೇಳ ಮುಗಿದ ಮೇಲೂ ಅದನ್ನು ಮುಂದುವರಿಸಿದರು. 1965ರಲ್ಲಿ ಅಮಿಗಾ ಅನ್ನುವ ಸರ್ಕಾರಿ ರೆಕಾರ್ಡ್ ಕಂಪನಿ ಬೀಟಲ್ಸ್ ಎಲ್‌ಪಿಯನ್ನೇ ಹೊರತಂದಿತು. ಪಕ್ಷದ ಯುವ ಸಂಘಟನೆ ಗಿಟಾರ್ ತಂಡಗಳಿಗೆ ಸ್ಪರ್ಧೆ ಇಟ್ಟಿತು. ಅದೇ ವರ್ಷದ ವಸಂತದಲ್ಲಿ ಪಕ್ಷದ ಪತ್ರಿಕೆ ನೊಯೆಸ್ ಡಾಯ್ಚ್‌ಲಾಂಡ್ ಬಟ್ಲರ್ಸ್ ಬಗ್ಗೆ ಮೆಚ್ಚಿ ಬರೆಯಿತು.

ಆರೇಳು ತಿಂಗಳಲ್ಲಿ ಎಲ್ಲ ತಿರುಗಿಬಿತ್ತು. ಸೆಪ್ಟೆಂಬರ್ 15ಕ್ಕೆ ಪಶ್ಚಿಮ ಬರ್ಲಿನ್‌ನ ವಾಲ್ಡ್‌ಬ್ಯೂನೆ ಬಯಲು ರಂಗಮಂದಿರದಲ್ಲಿ ರೋಲಿಂಗ್ ಸ್ಟೋನ್ಸ್ ನುಡಿಸಿದರು. ಕಾರ್ಯಕ್ರಮ ಬೇಗ ಮುಗಿಯಿತು ಅಂತ ಪ್ರೇಕ್ಷಕರು ಬೆಂಚು ಮುರಿದರು. ಮನೆಗೆ ಹೋಗುವಾಗ ನಗರದ ರೈಲು ಬೋಗಿಗಳನ್ನೂ ಒಡೆದರು. ಆ ರೈಲು ಓಡಿಸುತ್ತಿದ್ದದ್ದು ಪೂರ್ವ ಜರ್ಮನಿಯ ರೈಲ್ವೆ! ಸಂಗೀತವೇ ಯುವಕರನ್ನು ಹಾಳು ಮಾಡುತ್ತಿದೆ ಅನ್ನುವವರಿಗೆ ಇಷ್ಟು ಸಾಕಾಯಿತು. ಅಕ್ಟೋಬರ್ 11ಕ್ಕೆ ಪಕ್ಷದ ಕೇಂದ್ರ ಸಮಿತಿಯಲ್ಲಿ ಇಂಥ ತಂಡಗಳ ವಿರುದ್ಧ ತೀರ್ಮಾನ ಆಯಿತು. ಅದರ ಹಿಂದೆ ಪಕ್ಷದ ಹಿರಿಯ ನಾಯಕ ಎರಿಖ್ ಹೊನೆಕರ್ ಇದ್ದರು. ಲೈಪ್ಜಿಗ್ ಜಿಲ್ಲೆಯ ಪಕ್ಷದ ಮುಖ್ಯಸ್ಥ ಪೌಲ್ ಫ್ರ್ಯೋಲಿಖ್ ಇನ್ನೂ ಕಟ್ಟುನಿಟ್ಟಿನವರು. ತೀರ್ಮಾನವನ್ನು ತಕ್ಷಣ ಜಾರಿಗೆ ತಂದರು. ಅಕ್ಟೋಬರ್ 21ಕ್ಕೆ ಬಟ್ಲರ್ಸ್ ಪರವಾನಗಿ ಹೋಯಿತು. ಊರಿನ 58 ತಂಡಗಳಲ್ಲಿ 54ಕ್ಕೆ ಬಾಗಿಲು ಹಾಕಿದರು.

ಲೈಪ್ಜಿಗ್ ನಿವಾಸಿ:

ನಮಸ್ಕಾರ. ನಾನು ಲೈಪ್ಜಿಗ್‌ನಲ್ಲೇ ಇದ್ದೇನೆ. ಆ ನಿಷೇಧ ಆದ ಹತ್ತೇ ದಿನಕ್ಕೆ ಇಲ್ಲಿ ಏನಾಯಿತು ಅನ್ನುವುದನ್ನು ಬರೆಯಲೇಬೇಕು, ಯಾಕೆಂದರೆ ಜರ್ಮನಿಯ ಬೇರೆ ಊರಿನವರಿಗೇ ಇದು ಅಷ್ಟಾಗಿ ಗೊತ್ತಿಲ್ಲ.

ಇಬ್ಬರು ವಿದ್ಯಾರ್ಥಿಗಳು ಮಕ್ಕಳ ಆಟದ ಅಚ್ಚಿನ ಸೆಟ್ ತಗೊಂಡು ಚೀಟಿ ಅಚ್ಚು ಹಾಕಿದರು. ಬೀಟ್ ಗೆಳೆಯರೇ, ಅಕ್ಟೋಬರ್ 31ರ ಭಾನುವಾರ ಬೆಳಿಗ್ಗೆ 10 ಗಂಟೆಗೆ ಲಾಯ್ಶ್ನರ್ ಚೌಕಕ್ಕೆ ಬನ್ನಿ, ಪ್ರತಿಭಟನೆ ಮೆರವಣಿಗೆ ಇದೆ ಅಂತ. ಅಷ್ಟೇ. ಈ ಸುದ್ದಿ ಊರೆಲ್ಲ ಹಬ್ಬಿದ್ದು ಚೀಟಿಯಿಂದ ಅಲ್ಲ. ಅಲ್ಲಿಗೆ ಯಾರೂ ಹೋಗಕೂಡದು ಅಂತ ಶಾಲೆ ಶಾಲೆಯಲ್ಲಿ ಮೇಷ್ಟ್ರುಗಳು ಎಚ್ಚರಿಕೆ ಕೊಟ್ಟರು. ಅದರಿಂದ ಗೊತ್ತಿಲ್ಲದವರಿಗೂ ಗೊತ್ತಾಯಿತು.

ಚೌಕದಲ್ಲಿ ಸೇರಿದವರಲ್ಲಿ ಬೀಟ್ ಅಭಿಮಾನಿಗಳೂ ಇದ್ದರು. ಸಾದಾ ಬಟ್ಟೆಯ ಪೊಲೀಸರು, ಸ್ಟಾಸಿ ಅಂತ ಕರೆಯುವ ಗುಪ್ತ ಪೊಲೀಸರು, ಪಕ್ಷ ಕಳಿಸಿದ ಕಾರ್ಯಕರ್ತರೂ ದಂಡಿಯಾಗಿ ಇದ್ದರು. ಯಾರ ಕೈಯಲ್ಲೂ ಫಲಕ ಇರಲಿಲ್ಲ, ಭಾಷಣ ಇರಲಿಲ್ಲ. ಹುಡುಗರು ಸುಮ್ನೆ ನಿಂತಿದ್ದರು. ಪೊಲೀಸರು ಲಾಠಿ, ನಾಯಿ, ಜಲಫಿರಂಗಿ ಎಲ್ಲ ತಂದು ಚದುರಿಸಿದರು. 260ಕ್ಕೂ ಹೆಚ್ಚು ಜನರನ್ನು ಹಿಡಿದರು. ಅವರಲ್ಲಿ 97 ಮಂದಿಯನ್ನು ಊರಿನ ದಕ್ಷಿಣಕ್ಕಿರುವ ಕಿಟ್ಶರ್, ರೇಗಿಸ್-ಬ್ರೈಟಿಂಗನ್ ಕಡೆಯ ಕಂದು ಕಲ್ಲಿದ್ದಲು ಗಣಿಗಳಲ್ಲಿ ವಾರಗಟ್ಟಲೆ ದುಡಿಸಿದರು. ಉದ್ದ ಕೂದಲು ಬಿಟ್ಟವರ ಕೂದಲು ಕತ್ತರಿಸಿದರು. ಹದಿನಾರು, ಹದಿನೇಳರ ಹುಡುಗರು ಅವರು. ಕೇಳಿದ್ದು ಹಾಡು ಮಾತ್ರ.

1953ರ ಜೂನ್ 17ರ ದಂಗೆ ಆದ ಮೇಲೆ ಪೂರ್ವ ಜರ್ಮನಿಯಲ್ಲಿ ನಡೆದ ದೊಡ್ಡ ಪ್ರತಿಭಟನೆಗಳಲ್ಲಿ ಇದೂ ಒಂದು. ಇವತ್ತು ಆ ಚೌಕದ ಕೆಳಗೆ ರೈಲು ನಿಲ್ದಾಣ ಇದೆ. ಮೇಲೆ ಬಹುಕಾಲ ದೊಡ್ಡ ಖಾಲಿ ಜಾಗ ಇತ್ತು. ಊರಿನ ಬೇರೆ ಇತಿಹಾಸಕ್ಕೆ ಸಿಕ್ಕ ಗೌರವ ಈ ಹುಡುಗರಿಗೆ ಇನ್ನೂ ಪೂರ್ತಿ ಸಿಕ್ಕಿಲ್ಲ ಅನ್ನುವುದು ನನ್ನ ನೋವು.

ತುಂಗಾ ತೀರ:

ಓದಿ ಮೈ ಜುಂ ಅಂದಿತು. ಒಂದು ತಂಡ ಹಾಡಬಾರದು ಅಂದಿದ್ದಕ್ಕೆ ಮಕ್ಕಳು ಬೀದಿಗೆ ಇಳಿದರು ಅಂದರೆ ಆ ತಂಡ ಎಷ್ಟು ಹತ್ತಿರದ್ದಾಗಿರಬೇಕು!

ದಾಖಲೆ ಪ್ರಿಯ:

ಲೈಪ್ಜಿಗ್ ನಿವಾಸಿ ಅವರ ಮಾತಿಗೆ ಇಷ್ಟು ಸೇರಿಸುತ್ತೇನೆ. ಆ ಭಾನುವಾರದ ನಂತರ ಡಿಸೆಂಬರ್‌ನಲ್ಲಿ ಪಕ್ಷದ ಕೇಂದ್ರ ಸಮಿತಿಯ ಹನ್ನೊಂದನೇ ಸಭೆ ನಡೆಯಿತು. ಅಲ್ಲಿ ಪಕ್ಷದ ಮುಖ್ಯಸ್ಥ ವಾಲ್ಟರ್ ಉಲ್ಬ್ರಿಕ್ಟ್ ಬೀಟಲ್ಸ್ ಹಾಡಿನ ಯೇ ಯೇ ಯೇ ಹಿಡಿದುಕೊಂಡು, ಪಶ್ಚಿಮದಿಂದ ಬರುವ ಕಸವನ್ನೆಲ್ಲ ನಾವು ನಕಲು ಮಾಡಬೇಕಾ ಅಂತ ಕೇಳಿದರು. ಬೀಟ್ ತಂಡಗಳ ಜೊತೆಗೆ ಸಿನಿಮಾ, ಸಾಹಿತ್ಯದ ಮೇಲೂ ಅದೇ ಸಭೆಯಲ್ಲಿ ಕತ್ತಿ ಬಿತ್ತು. ಲೈಪ್ಜಿಗ್‌ನ ಗಿಟಾರ್ ಹುಡುಗರಿಂದ ಶುರುವಾದದ್ದು ಇಡೀ ದೇಶದ ಕಲಾವಿದರಿಗೆ ತಟ್ಟಿತು.

ಹಳೇ ಗ್ರಾಮಫೋನ್:

ಆರು ತಂತಿ, ನಿಮ್ಮ ಬಟ್ಲರ್ಸ್ ಪ್ರೀತಿ ಅರ್ಥವಾಗುತ್ತದೆ. ಆದರೆ ಅವರು ಬೇರೆಯವರ ಹಾಡನ್ನು ಚೆನ್ನಾಗಿ ನುಡಿಸಿದರು. ಆಗ ಯುರೋಪಿನ ಊರೂರಲ್ಲೂ ಅಂಥ ತಂಡಗಳಿದ್ದವು. ರೆನ್‌ಫ್ಟ್ ಕಾಂಬೊ ಮಾಡಿದ್ದನ್ನು ಬೇರೆ ಯಾರೂ ಮಾಡಲಿಲ್ಲ.

1967ರಲ್ಲಿ ಮತ್ತೆ ಪರವಾನಗಿ ಸಿಕ್ಕಿತು. ನಂತರದ ವರ್ಷಗಳಲ್ಲಿ ತಂಡಕ್ಕೆ ಬಂದವರನ್ನು ನೋಡಿ. ಬೇಸ್ ಗಿಟಾರ್ ಕ್ಲೌಸ್ ಅವರದ್ದೇ. ಗಿಟಾರ್, ಹಾಡು ಪೀಟರ್ ಗ್ಲೇಸರ್, ಎಲ್ಲರೂ ಕರೆಯುವುದು ಸೀಸರ್ ಅಂತ. ಒರಟು ಕಂಠದ ಥೋಮಾಸ್ ಶೊಪ್ಪೆಗೆ ಮಾನ್‌ಸ್ಟರ್ ಅನ್ನುವ ಅಡ್ಡಹೆಸರು. ಸ್ಯಾಕ್ಸೊಫೋನ್ ಪೀಟರ್ ಕ್ಷೆಂಟ್ಸ್, ಡ್ರಮ್ಸ್ ಯೊಖೆನ್ ಹೋಲ್. ಕೀಬೋರ್ಡ್‌ಗೆ ಕ್ರಿಸ್ಟಿಯಾನ್ ಕೂನರ್ಟ್. ಈ ಕೂನರ್ಟ್ ಬಾಲ್ಯದಲ್ಲಿ ಲೈಪ್ಜಿಗ್‌ನ ಸೇಂಟ್ ಥಾಮಸ್ ಚರ್ಚಿನ ಬಾಲಗಾಯನ ವೃಂದದಲ್ಲಿ ಹಾಡಿದವರು. ಹದಿನೆಂಟನೇ ಶತಮಾನದ ದೊಡ್ಡ ಸಂಗೀತಗಾರ ಬಾಖ್ ಸ್ವತಃ ನಡೆಸಿದ ವೃಂದ ಅದು! ಅಲ್ಲಿ ಪಳಗಿದ ಕಿವಿ ಒಂದು ರಾಕ್ ತಂಡಕ್ಕೆ ಬಂದರೆ ಏನಾಗುತ್ತದೆ ಅನ್ನುವುದು ಅವರ ಗುಂಪು ಹಾಡುಗಾರಿಕೆಯಲ್ಲಿ ಕೇಳುತ್ತದೆ. ಇಷ್ಟರ ಜೊತೆಗೆ ಸಾಹಿತ್ಯ ಬರೆಯಲು ಗೆರುಲ್ಫ್ ಪನ್ನಾಖ್. ಇನ್ನೊಬ್ಬರು ಕುರ್ಟ್ ಡೆಮ್ಲರ್.

1973ರಲ್ಲಿ ಮೊದಲ ಎಲ್‌ಪಿ, 1974ರಲ್ಲಿ ಎರಡನೆಯದು. ಎರಡೂ ಅಮಿಗಾದಲ್ಲೇ. ಊರಿಂದ ಊರಿಗೆ ಲಿಫ್ಟ್ ಕೇಳಿಕೊಂಡು ಹುಡುಗ ಹುಡುಗಿಯರು ತಂಡದ ಹಿಂದೆ ಸುತ್ತುತ್ತಿದ್ದರು. ಹಳ್ಳಿಯ ಹೋಟೆಲಿನ ಸಭಾಂಗಣ, ಕಾರ್ಖಾನೆಯ ಸಂಸ್ಕೃತಿ ಭವನ, ಎಲ್ಲಿ ನುಡಿಸಿದರೂ ಜನ. ತಂಡದವರು ಅಭಿಮಾನಿಗಳ ನಡುವೆಯೇ ಕುಡಿದು, ಮಾತಾಡಿ ಇರುತ್ತಿದ್ದರು.

ಆರು ತಂತಿ:

ಅದನ್ನು ಒಪ್ಪುತ್ತೇನೆ ಸರ್, ಸೀಸರ್ ಗಿಟಾರ್ ಬಗ್ಗೆ ನನ್ನದೂ ತಕರಾರಿಲ್ಲ. ಆ ಮನುಷ್ಯ ಒಂದು ಸ್ವರ ಹೆಚ್ಚು ನುಡಿಸುವುದಿಲ್ಲ. ಹಾಡಿಗೆ ಜಾಗ ಬಿಡುತ್ತಾರೆ. ಆದರೆ ಎರಡೂ ಎಲ್‌ಪಿ ಸರ್ಕಾರಿ ಕಂಪನಿಯವು, ಅಲ್ವಾ? ಹಾಗಾದರೆ ಇವರನ್ನು ಬೆಳೆಸಿದ್ದೂ ಸರ್ಕಾರವೇ ಅನ್ನಬೇಕಾಗುತ್ತದೆ. ಎದುರು ನಿಂತವರು ಅಂತ ಪೂರ್ತಿ ಹೇಳಲು ಬರುತ್ತದಾ?

ದಾಖಲೆ ಪ್ರಿಯ:

ಅಲ್ಲಿ ಬೇರೆ ದಾರಿಯೇ ಇರಲಿಲ್ಲ. ಜನಪ್ರಿಯ ಸಂಗೀತಕ್ಕೆ ಇದ್ದದ್ದು ಅಮಿಗಾ ಒಂದೇ. ವೇದಿಕೆ ಹತ್ತಲೂ ಸರ್ಕಾರದ ಚೀಟಿ, ಅಂದರೆ ಪರವಾನಗಿ, ಬೇಕು. ತಂಡ ಒಂದು ಸಮಿತಿಯ ಮುಂದೆ ಹೋಗಿ ನುಡಿಸಬೇಕು. ಸಮಿತಿ ದರ್ಜೆ ಕೊಡುತ್ತದೆ. ಆ ದರ್ಜೆಯ ಮೇಲೆ ಗಂಟೆಗೆ ಎಷ್ಟು ಸಂಭಾವನೆ ಅಂತ ನಿಗದಿಯಾಗುತ್ತದೆ. ಆಗಾಗ ಹೋಗಿ ಮತ್ತೆ ತೋರಿಸಬೇಕು. 1958ರಿಂದ ಇನ್ನೊಂದು ನಿಯಮ ಇತ್ತು. ಒಂದು ಸಂಜೆ ನುಡಿಸುವುದರಲ್ಲಿ ನೂರಕ್ಕೆ 60 ಭಾಗ ಪೂರ್ವ ಜರ್ಮನಿ ಅಥವಾ ಸಮಾಜವಾದಿ ದೇಶಗಳ ಸಂಗೀತ ಇರಬೇಕು. ಪಶ್ಚಿಮದ್ದು 40 ಭಾಗ ಮೀರಬಾರದು.

ಜರ್ಮನ್‌ನಲ್ಲಿ ಹಾಡು ಕಟ್ಟಲು ತಂಡಗಳು ಶುರು ಮಾಡಿದ್ದಕ್ಕೆ ಈ ಒತ್ತಡವೂ ಒಂದು ಕಾರಣ. ಸರ್ಕಾರಕ್ಕೆ ಬೇಕಿದ್ದದ್ದು ಇಂಗ್ಲಿಷ್ ಹೋಗಿ ಜರ್ಮನ್ ಬರಲಿ ಅಂತ. ಬಂತು. 1971ರಲ್ಲಿ ಉಲ್ಬ್ರಿಕ್ಟ್ ಜಾಗಕ್ಕೆ ಹೊನೆಕರ್ ಬಂದರು. ಸಮಾಜವಾದದ ನೆಲೆಯಲ್ಲಿ ನಿಂತ ಕಲೆಗೆ ಯಾವ ವಿಷಯವೂ ನಿಷಿದ್ಧವಲ್ಲ ಅಂತ ಅದೇ ವರ್ಷದ ಕೊನೆಗೆ ಹೇಳಿದರು. 1965ರಲ್ಲಿ ಬೀಟ್ ತಂಡಗಳ ಕತ್ತು ಹಿಸುಕಿದವರೇ ಈ ಮಾತು ಹೇಳಿದ್ದು. 1973ರಲ್ಲಿ ಬರ್ಲಿನ್‌ಗೆ ಜಗತ್ತಿನ ಯುವಜನರು ಬಂದಾಗ ತಮ್ಮಲ್ಲೂ ರಾಕ್ ಇದೆ ಅಂತ ತೋರಿಸಲು ಇಂಥ ತಂಡಗಳು ಬೇಕಾದವು. ರೆನ್‌ಫ್ಟ್ ತಂಡದವರು, ಅದೇ ವರ್ಷ ಸೇನೆ ಅಧಿಕಾರ ಕಿತ್ತುಕೊಂಡ ಚಿಲಿ ದೇಶದ ಜನರ ಪರವಾಗಿಯೂ ಹಾಡಿದರು. ಮನಸ್ಸಿಟ್ಟೇ ಹಾಡಿದರು ಅನ್ನುವುದು ನನ್ನ ಅಭಿಪ್ರಾಯ. ಅವರಿಗೆ ಸಮಾಜವಾದ ಬೇಡವಾಗಿರಲಿಲ್ಲ. ಹೇಳಿದ ಹಾಗೆ ನಡೆದುಕೊಳ್ಳಿ ಅನ್ನುವುದು ಅವರ ಬೇಡಿಕೆ.

ತುಂಗಾ ತೀರ:

ಹಾಗಾದರೆ ತಂಡ ಮುಳುಗಿದ್ದು ಯಾವ ಹಾಡಿನಿಂದ?

ಹಳೇ ಗ್ರಾಮಫೋನ್:

ಮುಖ್ಯವಾಗಿ ಎರಡು ಅಮ್ಮಾ. ಎರಡೂ ಅಮಿಗಾ ಎಲ್‌ಪಿಗೆ ಬರಲೇ ಇಲ್ಲ. ಕಾರ್ಯಕ್ರಮದಲ್ಲಿ ಹಾಡುತ್ತಿದ್ದರು.

ಒಂದು, ಗ್ಲೌಬೆನ್ಸ್‌ಫ್ರಾಗೆನ್. ನಂಬಿಕೆಯ ಪ್ರಶ್ನೆಗಳು ಅಂತ ಅದರ ಅರ್ಥ. ಇದನ್ನು ತಿಳಿಯಲು ಸ್ವಲ್ಪ ಹಿನ್ನೆಲೆ ಬೇಕು. ಪೂರ್ವ ಜರ್ಮನಿಯಲ್ಲಿ 1962ರಿಂದ ಗಂಡುಮಕ್ಕಳಿಗೆ ಸೇನೆ ಕಡ್ಡಾಯ. ಧರ್ಮದ ಕಾರಣಕ್ಕೋ ಮನಸ್ಸಿನ ಕಾರಣಕ್ಕೋ ಬಂದೂಕು ಹಿಡಿಯಲು ಒಪ್ಪದವರಿಗೆ 1964ರಲ್ಲಿ ಬೇರೆ ತುಕಡಿ ಮಾಡಿದರು. ಅವರಿಗೆ ಕಟ್ಟಡ ಕೆಲಸ. ಹೆಗಲ ಪಟ್ಟಿಯ ಮೇಲೆ ಗುದ್ದಲಿಯ ಚಿಹ್ನೆ. ಪೂರ್ವದ ಬೇರೆ ಯಾವ ದೇಶದಲ್ಲೂ ಈ ಅವಕಾಶ ಇರಲಿಲ್ಲ, ಆದರೆ ಆ ದಾರಿ ಹಿಡಿದವರಿಗೆ ಮುಂದೆ ಕಾಲೇಜು ಸೀಟಿಗೂ ಕೆಲಸಕ್ಕೂ ತೊಂದರೆ ಆಗುತ್ತಿತ್ತು. ಅದರ ಬಗ್ಗೆ ಬಾಯಿ ಬಿಟ್ಟು ಮಾತಾಡುವವರೇ ಇರಲಿಲ್ಲ. ಇವರು ಹಾಡು ಕಟ್ಟಿದರು.

ಇನ್ನೊಂದು, ಪುಟ್ಟ ಓಟ್ಟೊ ಅನ್ನುವವನ ಬಗ್ಗೆ ಒಂದು ಉದ್ದನೆಯ ಕಥನ ಹಾಡು. ಅವನಿಗೆ ಹ್ಯಾಂಬರ್ಗ್‌ನಲ್ಲಿರುವ ಅಣ್ಣನ ಹತ್ತಿರ ಹೋಗಬೇಕು. ಹ್ಯಾಂಬರ್ಗ್ ಗಡಿಯ ಆಚೆ. ದೇಶ ಬಿಟ್ಟು ಓಡಿಹೋಗುವುದು ಆಗ ಜೈಲು ಶಿಕ್ಷೆಯ ಅಪರಾಧ. ಆ ಆಸೆಯನ್ನು ಒಬ್ಬ ಸಾಮಾನ್ಯ ಹುಡುಗನ ಕಥೆಯಾಗಿ, ಸಭಾಂಗಣದ ತುಂಬ ಕೂತವರ ಮುಂದೆ ಹಾಡಿದರೆ ಏನಾಗಬೇಕು? ಕೇಳುತ್ತಿದ್ದ ಪ್ರತಿಯೊಬ್ಬರಿಗೂ ಇಂಥ ಓಟ್ಟೊ ಯಾರೋ ಒಬ್ಬ ಗೊತ್ತಿದ್ದ.

ನಾನು ಮೊದಲು ಹೇಳಿದ್ದು ಇದನ್ನೇ. ಬಟ್ಲರ್ಸ್ ಕಾಲದಲ್ಲಿ ಅಧಿಕಾರಿಗಳಿಗೆ ಕಂಡದ್ದು ಉದ್ದ ಕೂದಲು, ಕೇಳಿದ್ದು ಗದ್ದಲ. ಎಪ್ಪತ್ತೈದರಲ್ಲಿ ಒಂದೊಂದು ಸಾಲೂ ಅವರಿಗೆ ಚೆನ್ನಾಗಿ ಅರ್ಥವಾಯಿತು.

ಲೈಪ್ಜಿಗ್ ನಿವಾಸಿ:

ಸೆಪ್ಟೆಂಬರ್ 22ರ ಘಟನೆಯನ್ನು ನಾನು ಹೇಳುತ್ತೇನೆ ಸರ್. ತಂಡ ಪರವಾನಗಿಗಾಗಿ ಲೈಪ್ಜಿಗ್ ಜಿಲ್ಲಾಡಳಿತದ ಸಮಿತಿಯ ಮುಂದೆ ಬಂದಿತ್ತು. ನುಡಿಸಲು ಬಿಡಲೇ ಇಲ್ಲ. ಒಳಗೆ ಕರೆದು ತೀರ್ಮಾನ ಓದಿದರು. ಹಾಡಿನ ಸಾಹಿತ್ಯಕ್ಕೂ ಸಮಾಜವಾದಿ ವಾಸ್ತವಕ್ಕೂ ಸಂಬಂಧ ಇಲ್ಲ, ಕಾರ್ಮಿಕ ವರ್ಗಕ್ಕೆ ನೋವಾಗುತ್ತದೆ, ದೇಶದ ರಕ್ಷಣಾ ವ್ಯವಸ್ಥೆಯ ಹೆಸರು ಕೆಡಿಸಿದ್ದೀರಿ ಅಂತ. ಕೊನೆಗೆ, ಈ ತಂಡ ಇನ್ನು ಅಸ್ತಿತ್ವದಲ್ಲೇ ಇಲ್ಲ ಎಂದು ಪರಿಗಣಿಸಿದ್ದೇವೆ ಅಂದರು. ಕಣ್ಣ ಮುಂದೆ ತಂಡದವರು ಜೀವಂತ ನಿಂತಿದ್ದಾರೆ!

ಕ್ಲೌಸ್ ಈ ಮಾತುಕತೆಯನ್ನು ಗುಟ್ಟಾಗಿ ಕ್ಯಾಸೆಟ್‌ನಲ್ಲಿ ಹಿಡಿದಿಟ್ಟರು. ಅದರಿಂದಲೇ ಇವತ್ತು ನಮಗೆ ಆ ಕೋಣೆಯಲ್ಲಿ ಆಡಿದ ಮಾತು ಗೊತ್ತಿರುವುದು. ಸಿಕ್ಕಿಬಿದ್ದಿದ್ದರೆ ಅವರ ಗತಿ ಏನಾಗುತ್ತಿತ್ತೋ. ಸಂಗೀತಗಾರ ಒಬ್ಬ ತನ್ನ ತಂಡಕ್ಕಾಗಿ ಮಾಡಿದ ಅತಿ ಧೈರ್ಯದ ರೆಕಾರ್ಡಿಂಗ್ ಅಂದರೆ ನಾನು ಇದನ್ನೇ ಹೇಳುತ್ತೇನೆ.

ತುಂಗಾ ತೀರ:

ನಿಷೇಧ ಆದ ಮೇಲೆ ಒಬ್ಬೊಬ್ಬರೂ ಏನಾದರು? ಇದು ತಿಳಿಯದೆ ಈ ಚರ್ಚೆ ಬಿಟ್ಟು ಏಳಲು ಮನಸ್ಸಾಗುತ್ತಿಲ್ಲ.

ದಾಖಲೆ ಪ್ರಿಯ:

ಕ್ಲೌಸ್ 1976ರಲ್ಲಿ ಪಶ್ಚಿಮ ಬರ್ಲಿನ್‌ಗೆ ಹೋದರು. ಅಲ್ಲಿ ರೇಡಿಯೊದಲ್ಲಿ, ಆಮೇಲೆ ಥಿಯೇಟರ್ ಡೆಸ್ ವೆಸ್ಟೆನ್ಸ್‌ನಲ್ಲಿ ಸೌಂಡ್ ಕೆಲಸ ಮಾಡಿದರು.

ಪನ್ನಾಖ್, ಕೂನರ್ಟ್ ಇಬ್ಬರದ್ದು ಕಠಿಣ ಕಥೆ. 1976ರ ನವೆಂಬರ್‌ನಲ್ಲಿ ಹಾಡುಗಾರ ವೋಲ್ಫ್ ಬೀರ್ಮನ್ ಪಶ್ಚಿಮದಲ್ಲಿ ಕಾರ್ಯಕ್ರಮ ಕೊಡಲು ಹೋದಾಗ ಅವರ ಪೌರತ್ವ ಕಿತ್ತುಕೊಂಡರು. ಅದನ್ನು ವಿರೋಧಿಸಿದ ಈ ಇಬ್ಬರನ್ನೂ ಲೇಖಕ ಯುರ್ಗನ್ ಫುಕ್ಸ್ ಅವರನ್ನೂ ಬಂಧಿಸಿದರು. ಬರ್ಲಿನ್‌ನ ಹೋಹೆನ್‌ಶೋನ್‌ಹೌಸೆನ್‌ನಲ್ಲಿದ್ದ ಸ್ಟಾಸಿ ಜೈಲಿನಲ್ಲಿ ಒಂಬತ್ತು ತಿಂಗಳು ಇಟ್ಟು, 1977ರ ಆಗಸ್ಟ್‌ನಲ್ಲಿ ಪಶ್ಚಿಮಕ್ಕೆ ತಳ್ಳಿದರು. ಅಲ್ಲಿ ಇಬ್ಬರೂ ಜೋಡಿಯಾಗಿ ಹಾಡಿದರು. ಶೊಪ್ಪೆ 1978ರಲ್ಲಿ ದೇಶ ಬಿಟ್ಟರು. ಸೀಸರ್ ಮತ್ತು ಹೋಲ್ ಅಲ್ಲೇ ಉಳಿದು 1976ರಲ್ಲಿ ಕರುಸೆಲ್ ಅನ್ನುವ ಹೊಸ ತಂಡ ಸೇರಿದರು.

ಆರು ತಂತಿ:

ಆ ಕರುಸೆಲ್ ವಿಷಯ ನನಗೆ ಇಷ್ಟವಾಗುವುದಿಲ್ಲ. ಗೆಳೆಯರು ಜೈಲಿನಲ್ಲಿ, ಇವರು ಅದೇ ಸರ್ಕಾರದ ಚೀಟಿ ಹಿಡಿದು ವೇದಿಕೆಯಲ್ಲಿ.

ತುಂಗಾ ತೀರ:

ಆರು ತಂತಿ ಅವರೇ, ಹಾಗೆ ಅನ್ನಬೇಡಿ. ಸಂಗೀತ ಬಿಟ್ಟು ಬೇರೆ ಕಸುಬು ತಿಳಿಯದ, ಮನೆ ಮಕ್ಕಳು ಊರಲ್ಲೇ ಇರುವವರು ಏನು ಮಾಡಬೇಕಿತ್ತು? ದೇಶ ಬಿಟ್ಟವರಿಗೆ ಧೈರ್ಯ ಬೇಕಿತ್ತು, ನಿಜ. ಉಳಿದವರು ಆ ಧಾಟಿಯನ್ನು ಊರಿನ ಜನರ ಕಿವಿಯಿಂದ ಮರೆಯಾಗಲು ಬಿಡಲಿಲ್ಲ. ಅಭಿಮಾನಿಗಳ ಕಡೆಯಿಂದ ನೋಡಿ. 1976ರಲ್ಲಿ ಲೈಪ್ಜಿಗ್‌ನ ಒಬ್ಬ ಹುಡುಗಿಗೆ ಸೀಸರ್ ಕಂಠ ಮತ್ತೆ ಕೇಳಿಸಿತು ಅಂದರೆ ಅವಳಿಗೆ ಅದು ಸಣ್ಣದಾ?

ಹಳೇ ಗ್ರಾಮಫೋನ್:

ನಾನು ತುಂಗಾ ತೀರ ಅವರ ಕಡೆ. ಸೀಸರ್ ಕೂಡ ಕೊನೆಗೆ 1989ರಲ್ಲಿ, ಗೋಡೆ ಬೀಳುವ ಮುಂಚೆಯೇ, ಆ ದೇಶ ಬಿಟ್ಟರು ಅನ್ನುವುದನ್ನೂ ನೆನಪಿಡಿ.

ಇನ್ನೊಂದು ಮಾತು. ನಿಷೇಧ ಆಗದಿದ್ದರೂ ತಂಡ ಒಡೆಯುತ್ತಿತ್ತು ಅನ್ನುವವರಿದ್ದಾರೆ. ಎಪ್ಪತ್ತೈದರ ಹೊತ್ತಿಗೆ ಒಳಗೆ ಎರಡು ಮನಸ್ಸು ಇದ್ದದ್ದು ನಿಜ. ಪನ್ನಾಖ್ ಸಾಹಿತ್ಯವನ್ನು ಒಂದು ಅಕ್ಷರ ಬಿಡದೆ ಹಾಡಬೇಕು ಅನ್ನುವವರು ಒಂದು ಕಡೆ. ಸ್ವಲ್ಪ ತಗ್ಗಿ ತಂಡ ಉಳಿಸಿಕೊಳ್ಳೋಣ ಅನ್ನುವವರು ಇನ್ನೊಂದು ಕಡೆ. ಆದರೆ ಆ ಜಗಳ ಹುಟ್ಟಿದ್ದು ಎಲ್ಲಿಂದ? ಹೊರಗಿನ ಒತ್ತಡದಿಂದ ತಾನೇ? ತಗ್ಗಬೇಕಾ ಬೇಡವಾ ಅನ್ನುವ ಪ್ರಶ್ನೆಯೇ ಇಲ್ಲದ ಕಡೆ ಈ ಆರು ಜನ ಇನ್ನೂ ನಾಲ್ಕು ಎಲ್‌ಪಿ ಮಾಡುತ್ತಿದ್ದರು ಅಂತ ನಾನು ನಂಬುತ್ತೇನೆ. ಆಗದೇ ಹೋದ ಆ ಹಾಡುಗಳ ಬಗ್ಗೆ ಯೋಚಿಸಿದಾಗ ಸಂಕಟ ಆಗುತ್ತದೆ.

ಲೈಪ್ಜಿಗ್ ನಿವಾಸಿ:

ಗೋಡೆ ಬಿದ್ದ ಮೇಲೆ 1990ರಲ್ಲಿ ಅವರು ಮತ್ತೆ ಕೂಡಿ ನುಡಿಸಿದರು. ಸಭಾಂಗಣ ತುಂಬಿತು. ಹದಿನೈದು ವರ್ಷ ರೇಡಿಯೊದಲ್ಲಿ ಬಾರದ ಹಾಡುಗಳನ್ನು ಜನ ಬಾಯಿಪಾಠ ಹಾಡಿದರು. ಆದರೆ ತಂಡ ಮೊದಲಿನಂತೆ ನಿಲ್ಲಲಿಲ್ಲ. ಪನ್ನಾಖ್ 1998ರಲ್ಲಿ ಹೋದರು, ಐವತ್ತು ತುಂಬಿರಲಿಲ್ಲ. ಕ್ಲೌಸ್ 2006ರ ಅಕ್ಟೋಬರ್ 9ರಂದು, ಸೀಸರ್ 2008ರ ಅಕ್ಟೋಬರ್‌ನಲ್ಲಿ. ಅಕ್ಟೋಬರ್ 9 ಲೈಪ್ಜಿಗ್‌ಗೆ ದೊಡ್ಡ ದಿನ. 1989ರ ಅದೇ ದಿನ ಇಲ್ಲಿ 70,000 ಜನ ಬೀದಿಗೆ ಬಂದದ್ದು, ಪೊಲೀಸರು ಗುಂಡು ಹಾರಿಸದೆ ಹಿಂದೆ ಸರಿದದ್ದು.

ಆ 70,000ದಲ್ಲಿ ನಲವತ್ತು ದಾಟಿದವರು ಎಷ್ಟೋ ಮಂದಿ. 1965ರಲ್ಲಿ ಅವರು ಹದಿಹರೆಯದವರು. ಲಾಯ್ಶ್ನರ್ ಚೌಕದಲ್ಲಿ ಲಾಠಿ ತಿಂದು ಗಣಿಗೆ ಹೋಗಿ ಬಂದವರಿಗೆ ಆ ಸರ್ಕಾರದ ಮೇಲೆ ಮತ್ತೆ ನಂಬಿಕೆ ಹುಟ್ಟಿರಲಾರದು ಅಂತ ನನಗೆ ಬಲವಾಗಿ ಅನಿಸುತ್ತದೆ.

ತುಂಗಾ ತೀರ:

ಗ್ರಾಮಫೋನ್ ಸರ್, ಜರ್ಮನ್ ಬಾರದ ನನ್ನಂಥವರು ಎಲ್ಲಿಂದ ಕೇಳಲು ಶುರು ಮಾಡಬೇಕು?

ಹಳೇ ಗ್ರಾಮಫೋನ್:

1973ರ ಎಲ್‌ಪಿಯಲ್ಲಿರುವ ವೇರ್ ಡಿ ರೋಸೆ ಏರ್ಟ್ ಮೊದಲು ಕೇಳಿ ಅಮ್ಮಾ. ಮೆಲ್ಲಗೆ ಶುರುವಾಗಿ ಎಲ್ಲರೂ ಸೇರಿ ಹಾಡುವ ಕಡೆ ಥಾಮಸ್ ಚರ್ಚಿನ ಹುಡುಗನ ಕೈವಾಡ ಗೊತ್ತಾಗುತ್ತದೆ. ಆಮೇಲೆ 1974ರ ಎಲ್‌ಪಿಗೆ ಹೋಗಿ ಆಲ್ಸ್ ಇಶ್ ವೀ ಐನ್ ಫೋಗೆಲ್ ವಾರ್ ಕೇಳಿ. ಓಟ್ಟೊ ಹಾಡನ್ನು ಕೊನೆಗೆ ಇಟ್ಟುಕೊಳ್ಳಿ, ಅದಕ್ಕೆ ಸಮಯ ಬೇಕು. ಲೈಪ್ಜಿಗ್ ನಿವಾಸಿ ಅವರು ಅದರ ಸಾಹಿತ್ಯದ ಭಾವವನ್ನು ಕನ್ನಡದಲ್ಲಿ ವಿವರಿಸಿ ಇಲ್ಲೇ ಬರೆದರೆ ನಮಗೆಲ್ಲ ಉಪಕಾರ.

ಲೈಪ್ಜಿಗ್ ನಿವಾಸಿ:

ಖಂಡಿತ ಸರ್. ಈ ವಾರಾಂತ್ಯ ಬಿಡುವಿದೆ, ಕೂತು ಬರೆಯುತ್ತೇನೆ. ಆರು ತಂತಿ ಅವರು ಗಿಟಾರ್ ಭಾಗದ ಬಗ್ಗೆ ಬರೆಯಲಿ.